ಒಲೆಯ ಅಮಾವಾಸ್ಯೆ

ಮೊಳಕಾಲ್ಮೂರಿನ ಆ ಬೀದಿಯಲ್ಲಿ ಯಾರ ಮನೆಯ ಮಗ್ಗ ಯಾವಾಗ ನಿಂತಿತು ಎನ್ನುವುದು ಎಲ್ಲರ ಕಿವಿಗೂ ಗೊತ್ತಾಗುತ್ತದೆ. ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಜಂಪಣ್ಣನ ಮಗ್ಗ ನಿಂತಾಗ ಎದುರುಮನೆಯ ಕೆಂಚಣ್ಣ ತನ್ನ ಮಗ್ಗದಲ್ಲಿ ಕೂತಲ್ಲಿಂದಲೇ, "ಏನಪ್ಪೋ, ಕರೆಂಟ್ ಹೋಯ್ತಾ?" ಎಂದು ಕೂಗಿದ. ಕೈಮಗ್ಗಕ್ಕೂ ಕರೆಂಟಿಗೂ ಸಂಬಂಧವಿಲ್ಲ ಎನ್ನುವುದು ಕೆಂಚಣ್ಣನಿಗೆ ಗೊತ್ತಿಲ್ಲದೆ ಏನಿಲ್ಲ. ಮೂವತ್ತು ವರ್ಷದಿಂದ ಅವನ ಹತ್ತಿರ ಇರುವ ತಮಾಷೆ ಅದೊಂದೇ.

ಮುದ್ದೆಗೆ ಎಸರಿಟ್ಟಿದ್ದ ಹೊನ್ನಕ್ಕ ಕೈ ಒರೆಸಿಕೊಳ್ಳುತ್ತ ನಡುಮನೆಗೆ ಬಂದಳು. ಗಂಡ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯೊಳಗೆ ಎದ್ದು ನಿಂತು, ನೇಯ್ದ ಬಟ್ಟೆಯನ್ನೇ ನೋಡುತ್ತಿದ್ದ.

"ಇದು ಯಾವ ಕೆಂಪು?" ಎಂದ ಜಂಪಣ್ಣ.

ಹೊನ್ನಕ್ಕ ಬಗ್ಗಿ ನೋಡಿದಳು. ಕುಂಕುಮದ ಕೆಂಪಿನ ಸೀರೆ ಅದು. ನಿನ್ನೆ ಸಂಜೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೇಯ್ದ ಒಂದು ಗೇಣು ಮಾತ್ರ ದಾಳಿಂಬೆಯ ಕೆಂಪಾಗಿ, ಸೀರೆಗೆ ಅಡ್ಡಪಟ್ಟಿ ಕಟ್ಟಿದ ಹಾಗೆ ಕೂತಿತ್ತು.

"ಕಂಡಿಕೆ ಸುತ್ತಿದ್ದು ಯಾರು?"

ಲಾಳಿಯೊಳಗೆ ಕೂರಿಸುವ ನೂಲಿನ ಕಡ್ಡಿಯೇ ಕಂಡಿಕೆ. ಮದುವೆಯಾಗಿ ಬಂದ ಮೂರನೇ ದಿನದಿಂದ ಈ ಮನೆಯ ಕಂಡಿಕೆಗಳನ್ನೆಲ್ಲ ರಾಟೆಯ ಮುಂದೆ ಕೂತು ಸುತ್ತಿದವಳು ಹೊನ್ನಕ್ಕನೇ. ಮೂವತ್ತೈದು ವರ್ಷದಲ್ಲಿ ಒಂದು ಸಲವೂ ಬಣ್ಣ ತಪ್ಪಿದವಳಲ್ಲ.

"ಸುತ್ತಿದ್ದು ನಾನೇ. ಅದನ್ನ ಲಾಳಿಗೆ ಹಾಕ್ಕೊಂಡು ಗೇಣುದ್ದ ನೇಯ್ದಿದ್ದು ಯಾರು?"

"ಕಣ್ಣುಬಿಟ್ಟು ಸುತ್ತಬೇಕಲ್ಲ?"

"ಕಣ್ಣುಬಿಟ್ಟು ನೇಯಬೇಕಲ್ರಿ?"

ಸೊಸೆ ಕಾಂಚನಾ ಫೋನು ಹಿಡಿದುಕೊಂಡೇ ಓಡಿಬಂದಳು. "ಮಾವ, ಅತ್ತೆ, ಸ್ವಲ್ಪ ಮೆಲ್ಲಗೆ! ದಾವಣಗೆರೆ ಕಸ್ಟಮರ್‌ಗೆ ವಾಯ್ಸ್ ಮೆಸೇಜ್ ಕಳಿಸ್ತಿದ್ದೆ. ನಿಮ್ಮ ಜಗಳಾನೂ ಅದರ ಜೊತೆಗೇ ಹೋಯ್ತು."

ಜಂಪಣ್ಣನಿಗೆ ಕೋಪ ಬಂದರೆ ಅವನ ಅವ್ವ ಆಡುತ್ತಿದ್ದ ತೆಲುಗು ಬಾಯಿಗೆ ಬರುತ್ತದೆ. "ಇಂಕ ನಾ ವಲ್ಲ ಕಾದು!" ಎಂದ. ಇನ್ನು ನನ್ನ ಕೈಲಾಗಲ್ಲ ಎಂದು ಕನ್ನಡದಲ್ಲಿ ಇನ್ನೊಂದು ಸಲ ಹೇಳಿ, ಗುಂಡಿಯಿಂದ ಹತ್ತಿ ಬಂದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಜಗಲಿಯ ಮೇಲೆ ಕೂತುಬಿಟ್ಟ.

ಸಿಟ್ಟು ಒಂದು ಗೇಣು ಬಟ್ಟೆಯದಲ್ಲ ಎನ್ನುವುದು ಹೊನ್ನಕ್ಕನಿಗೆ ಗೊತ್ತಿತ್ತು. ಚಳ್ಳಕೆರೆಯಿಂದ ಬಂದ ಕಾಂಚನಾ ಚುರುಕು ಹುಡುಗಿ. ಎಣ್ಣೆ ಗಿರಣಿಯ ಮೇಸ್ತ್ರಿಯ ಮಗಳು, ಡಿಗ್ರಿ ಓದಿದವಳು. ಮೂರು ವರ್ಷದ ಹಿಂದೆ ಮಾವ ನೇಯ್ದ ನವಿಲಿನಂಚಿನ ಕೆಂಪು ಸೀರೆಯೊಂದರ ಫೋಟೋ ತೆಗೆದು ಫೋನಿನಲ್ಲಿ ಹಾಕಿದ್ದೇ ಹಾಕಿದ್ದು, ಸಾಹುಕಾರರ ಹಂಗಿಲ್ಲದೆ ನೇರವಾಗಿ ಆರ್ಡರು ಬರತೊಡಗಿತು. ಒಳ್ಳೆಯದೇ ಆಯಿತು. ಆದರೆ ಬಂದವರಿಗೆಲ್ಲ ಬೇಕಾದದ್ದು ಫೋಟೋದಲ್ಲಿದ್ದದ್ದೇ. ಅದೇ ಕೆಂಪು, ಅದೇ ನವಿಲು. ಒಂದು ಕಾಲದಲ್ಲಿ ಸೀರೆಗೊಂದು ಬಣ್ಣ, ಸೆರಗಿಗೊಂದು ಕುಸುರಿ ಯೋಚಿಸುತ್ತಿದ್ದ ಜಂಪಣ್ಣ ಮೂರು ವರ್ಷದಿಂದ ಒಂದೇ ನವಿಲನ್ನು ಸಾವಿರಾರು ಸಲ ನೇಯ್ದಿದ್ದ.

ಅದರ ಜೊತೆಗೆ ಅಮಾವಾಸ್ಯೆಯೂ ಹೋಗಿತ್ತು. ಅಮಾವಾಸ್ಯೆಯ ದಿನ ಮಗ್ಗಕ್ಕೆ ಪೂಜೆ ಮಾಡಿ, ಅವತ್ತಿಡೀ ಒಂದೆಳೆಯನ್ನೂ ನೇಯದೆ ಬಿಡುವುದು ನೇಕಾರರ ಮನೆಯ ಪದ್ಧತಿ. ಜಂಪಣ್ಣ ಮೊದಲು ಅದನ್ನು ಅರ್ಧ ದಿನ ಮಾಡಿದ. ಆಮೇಲೆ ಊದುಬತ್ತಿ ಆರುವ ಮೊದಲೇ ಗುಂಡಿಗಿಳಿಯತೊಡಗಿದ. ಯಾರೂ ಅವನನ್ನು ಬಲವಂತ ಮಾಡಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ.

ಸಂಜೆ ಊಟಕ್ಕೆ ಕೂತಾಗ ಜಂಪಣ್ಣ ಘೋಷಿಸಿದ.

"ಮುತ್ತುರಾಜನಿಗೆ ಫೋನ್ ಮಾಡೀನಿ. ಬರೋ ವಾರ ಬಂದು ಮಗ್ಗ ಬಿಚ್ಕೊಂಡು ಹೋಗ್ಲಿ."

ಹಳೆಯ ಮಗ್ಗ, ಹಳೆಯ ಬಾಗಿಲು, ಹಳೆಯ ತೊಟ್ಟಿಲು, ಏನು ಕೊಟ್ಟರೂ ಕೊಂಡುಕೊಳ್ಳುವವನು ಮುತ್ತುರಾಜ್. ಹೊನ್ನಕ್ಕನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು.

"ಆಮೇಲೆ ಏನ್ ಮಾಡ್ತೀಯಪ್ಪ?" ಎಂದ ಮಗ ಎರ್ರಿಸ್ವಾಮಿ. ಅವನು ಕುದಾಪುರದ ಹತ್ತಿರ, ವಿಜ್ಞಾನಿಗಳಿರುವ ಕ್ಯಾಂಪಸ್ಸುಗಳಿಗೆ ಕೆಲಸದವರನ್ನು ಸಾಗಿಸುವ ವ್ಯಾನಿನ ಡ್ರೈವರು.

"ನಿನ್ ಜೊತೆ ಬರ್ತೀನಿ. ವಾಚ್‌ಮನ್ ಕೆಲ್ಸ ಕೊಡ್ಸು. ಕುರ್ಚಿ ಮ್ಯಾಲೆ ಕುಂತ್ಕೊಂಡು ಗೇಟು ತೆಗ್ದು ಹಾಕಿದ್ರೆ ಆಯ್ತು. ನವಿಲಿಲ್ಲ, ಕೆಂಪಿಲ್ಲ."

"ಅಲ್ಲಿ ಹುಲ್ಲುಗಾವಲಿನಾಗೆ ನಿಜವಾದ ನವಿಲೇ ಅದಾವಪ್ಪ."

"ಅವನ್ನ ನಾನು ನೇಯಬೇಕಾಗಿಲ್ಲ ತಾನೇ?"

ಎರ್ರಿಸ್ವಾಮಿ ಅವ್ವನ ಮುಖ ನೋಡಿದ. ಹೊನ್ನಕ್ಕ ಸಾರು ಬಡಿಸಿದಳು. ಮಗ್ಗ ಹೋದರೆ ಅವಳ ರಾಟೆಯೂ ಹೋದಂತೆ. ಆ ಎರಡು ಸದ್ದಿಲ್ಲದ ಮನೆಯಲ್ಲಿ ತಾನು ಏನು ಮಾಡಿಕೊಂಡಿರುವುದು ಎನ್ನುವುದು ಅವಳಿಗೆ ಹೊಳೆಯಲೇ ಇಲ್ಲ.

ಕಾವಲುಗಾರರ ಮೇಲ್ವಿಚಾರಕ ಪಾತಣ್ಣ ಎರ್ರಿಸ್ವಾಮಿಗೆ ಬೇಕಾದವನು. ರಜೆ ಹಾಕಿದ ಒಬ್ಬನ ಜಾಗಕ್ಕೆ ಜಂಪಣ್ಣನನ್ನು ಹಾಕಿಕೊಂಡ. ಗುರುವಾರ ಬೆಳಿಗ್ಗೆ ಐದಕ್ಕೇ ಜಂಪಣ್ಣ ನೀಲಿ ಅಂಗಿ ತೊಟ್ಟು, ಮದುಮಗನ ಹಾಗೆ ತಲೆ ಬಾಚಿಕೊಂಡು ವ್ಯಾನು ಹತ್ತಿದ.

ಮೊದಲ ದಿನ ಹೊನ್ನಕ್ಕನಿಗೆ ಮನೆ ಹಾಯೆನಿಸಿತು. ಎರಡನೇ ದಿನ ಅನ್ನ ಸೀದುಹೋಯಿತು. ಮೂರನೇ ದಿನ ಬೇಳೆ ಬೇಯಲಿಲ್ಲ. ಅವಳು ಗಡಿಯಾರ ನೋಡಿ ಅಡುಗೆ ಮಾಡಿದವಳೇ ಅಲ್ಲ. ಗಂಡ ಒಂದು ಕಂಡಿಕೆ ಮುಗಿಸುವಷ್ಟರಲ್ಲಿ ಅನ್ನ, ಎರಡು ಕಂಡಿಕೆಗೆ ಬೇಳೆ, ಇದು ಅವಳ ಲೆಕ್ಕ.

"ಅತ್ತೆ, ಕುಕ್ಕರ್ ಐತಲ್ಲ, ಸೀಟಿ ಎಣಿಸಿ," ಎಂದಳು ಕಾಂಚನಾ.

"ಅದು ಯಾವಾಗ ಬೇಕಾದ್ರೂ ಕೂಗುತ್ತೆ, ನಿನ್ ಫೋನಿನ ಹಂಗೆ."

ಕಾಂಚನಾ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಂಗೂ ಸಾಕಾಗೈತೆ ಅತ್ತೆ," ಎಂದಳು. "ನಿನ್ನೆ ಹಿಟ್ಟಿನ ಕೈಯಾಗೇ ಒಬ್ಬಾಕಿಗೆ ಉತ್ತರ ಕೊಟ್ಟೆ. ರೇಟು ಇನ್ನೂ ಕಡಿಮೆ ಮಾಡ್ಕೊಳ್ಳಿ ಅಂತಾಳೆ. ಫೋನನ್ನೇ ಎಸರಿಗೆ ಹಾಕಾಣ ಅನ್ನಿಸ್ತು."

ಹೊನ್ನಕ್ಕನಿಗೆ ಆಶ್ಚರ್ಯವಾಯಿತು. ಈ ಹುಡುಗಿಗೆ ಆಯಾಸ ಎನ್ನುವುದೇ ಇಲ್ಲ ಎಂದುಕೊಂಡಿದ್ದಳು. ಅವತ್ತು ಅತ್ತೆ ಸೊಸೆ ಇಬ್ಬರೂ ಮಗ್ಗದ ಎರಡು ಪಕ್ಕ ಕೂತು ತಪ್ಪು ನೇಯ್ದ ಗೇಣನ್ನು ಬಿಚ್ಚತೊಡಗಿದರು. ರೇಷ್ಮೆಯನ್ನು ಎಳೆಎಳೆಯಾಗಿ ಬಿಚ್ಚಬೇಕು, ಅವಸರ ಮಾಡಿದರೆ ಉದ್ದಕ್ಕಿರುವ ಹಾಸಿನ ನೂಲು ಕಿತ್ತುಹೋಗುತ್ತದೆ. ಎರಡು ದಿನ ಹಿಡಿಯಿತು. ಆ ಎರಡು ದಿನದಲ್ಲಿ ಅವರು ಆಡಿದಷ್ಟು ಮಾತನ್ನು ಹಿಂದಿನ ಮೂರು ವರ್ಷದಲ್ಲಿ ಆಡಿರಲಿಲ್ಲ.

ಇತ್ತ ಜಂಪಣ್ಣ ದಿನಾ ಸಂಜೆ ಬಂದು ಗೇಟಿನ ವೈಭವ ಹೇಳುತ್ತಿದ್ದ. "ಎಂಟು ತಾಸು ಆಯ್ತಾ, ಮುಗೀತು. ಯಾರೂ ಕೇಳಲ್ಲ. ಭಾನುವಾರ ಬಂತಾ, ದೊಡ್ಡ ದೊಡ್ಡ ವಿಜ್ಞಾನಿಗಳೂ ಬೀಗ ಹಾಕ್ಕೊಂಡು ಹೋಗ್ತಾರೆ. ಕ್ಯಾಂಟೀನಿನ ಚಿತ್ರಾನ್ನ ಅಂದ್ರೆ ಚಿತ್ರಾನ್ನ!"

"ಹಂಗಾರೆ ನಾನು ಮಾಡಿದ್ದು?"

"ನಿಂದೂ ಚೆನ್ನಾಗಿರುತ್ತೆ. ಆದ್ರೆ ಅವನು ಕೊಡೋವಾಗ ಮುಖ ಗಂಟು ಹಾಕಲ್ಲ."

ಎಂಟನೇ ದಿನ ಮಾತ್ರ ವ್ಯಾನಿನಿಂದ ಇಳಿದ ಜಂಪಣ್ಣ ಸೀದಾ ಬಚ್ಚಲಿಗೆ ಹೋದ. ಎರ್ರಿಸ್ವಾಮಿ ಹೊಟ್ಟೆ ಹಿಡಿದುಕೊಂಡು ನಗುತ್ತ ಒಳಗೆ ಬಂದ.

"ಅವ್ವ, ಅಪ್ಪನ್ನ ಮನೆಗೆ ಕಳಿಸಿದ್ರು. ದೊಡ್ಡ ಸಾಹೇಬ್ರ ಕಾರು ಗೇಟಿನ ಮುಂದೆ ನಿಂತು ಐದು ಸಲ ಹಾರ್ನ್ ಹೊಡೀತಂತೆ. ಈತ ತಲೇನೇ ಎತ್ತಿಲ್ಲ."

"ಯಾಕೆ, ನಿದ್ದೆ ಮಾಡ್ತಿದ್ರಾ?"

"ನಿದ್ದೆ ಎಲ್ಲಿ? ಕಾವಲಿನ ಹುಲ್ಲು ಕಿತ್ಕೊಂಡು ಬಂದು ಹೆಣೀತಾ ಕುಂತಿದ್ನಂತೆ. ಪಾತಣ್ಣ ಬಂದು ನೋಡ್ತಾನೆ, ಗೇಟಿನ ಕಂಬಿಗೆ ಒಂದು ಮೊಳ ಅಂಚು ಕಟ್ಟೈತೆ! ಪಾಪ, ಅವನು ಬೈಯಾಕೆ ಬಾಯಿ ತೆಗ್ದು, ಅದನ್ನ ನೋಡಿ ಸುಮ್ನಾದ. ಜಂಪಣ್ಣಾರೆ, ನಿಮ್ ಕೈ ಗೇಟು ಕಾಯೋ ಕೈಯಲ್ಲ, ಮನೆಗೆ ಹೋಗಿ ಅಂದ."

ಬಚ್ಚಲಿನಿಂದ ಜಂಪಣ್ಣನ ದನಿ ಬಂತು. "ಒಂದು ಮೊಳ ಅಲ್ಲಲೇ, ಮುಕ್ಕಾಲು!"

ಹೊನ್ನಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಕ್ಕಳು ಅನ್ನುವುದಕ್ಕಿಂತ, ಅವಳಿಗೆ ಉಸಿರು ಬಂತು. ಆ ಹುಲ್ಲಿನ ಹೆಣಿಗೆಯನ್ನು ಎರ್ರಿಸ್ವಾಮಿ ಜೇಬಿನಿಂದ ತೆಗೆದು ತೋರಿಸಿದ. ಮೂರು ಗರಿಕೆ ಬಗ್ಗಿ, ಒಂದು ನೆಟ್ಟಗೆ ನಿಂತು, ಮತ್ತೆ ಮೂರು ಬಗ್ಗಿದ ಹಾಗೆ ಕಾಣುವ ಅಂಚು. ಅದರಲ್ಲಿ ನವಿಲಿರಲಿಲ್ಲ.

ಮರುದಿನ ಬೆಳಿಗ್ಗೆ, ಹೇಳಿದ ಮಾತಿಗೆ ಸರಿಯಾಗಿ ಮುತ್ತುರಾಜ್ ಟೇಪು ಹಿಡಿದು ಬಂದ. ಮಗ್ಗದ ಮರವನ್ನು ಬೆರಳಿನಿಂದ ತಟ್ಟಿ ನೋಡಿ, "ಒಳ್ಳೆ ಮಾಲು. ಹೊಸಪೇಟೆ ಕಡೆ ಒಂದು ರೆಸಾರ್ಟಿಗೆ ಬೇಕಂತೆ," ಎಂದ.

"ಅಲ್ಲಿ ಯಾರು ನೇಯ್ತಾರೆ?" ಎಂದು ಜಂಪಣ್ಣ ಕೇಳಿದ.

"ನೇಯೋದಾ? ಬಾಗಿಲಾಗೆ ಇಟ್ಟು ಮೇಲೆ ಹೂಕುಂಡ ಜೋಡಿಸ್ತಾರೆ. ಫೋಟೋಕ್ಕೆ ಚೆನ್ನಾಗಿರುತ್ತೆ."

"ಹೂಕುಂಡಾನಾ?"

"ಹೂಂ, ಪ್ಲಾಸ್ಟಿಕ್ ಹೂವಿಂದು. ನೀರು ಹಾಕೋ ಕೆಲ್ಸಾನೂ ಇಲ್ಲ."

ಜಂಪಣ್ಣ ಟವೆಲ್ ತೆಗೆದು ಗೂಟಕ್ಕೆ ಹಾಕಿ, ಗುಂಡಿಗಿಳಿದು ಕೂತು, ಬಟ್ಟೆಯ ಮೇಲೆ ಕೈಯಾಡಿಸಿದ. ತಪ್ಪಿದ ಗೇಣು ಮಾಯವಾಗಿತ್ತು. ಹಾಸಿನ ಒಂದೆಳೆಯೂ ಕಿತ್ತಿರಲಿಲ್ಲ. ತಲೆಯೆತ್ತಿ ಹೆಂಡತಿಯನ್ನೂ ಸೊಸೆಯನ್ನೂ ನೋಡಿದ. ಕಣ್ಣು ತುಂಬಿಬಂತು ಅವನಿಗೆ, ಅದನ್ನು ಮುಚ್ಚಿಡಲು ಮುತ್ತುರಾಜನನ್ನು ಬೈದ.

"ಟೇಪ್ ಸುತ್ಕೊಂಡು ಹೋಗಲೇ! ಹೂಕುಂಡ ಅಂತೆ! ಹೊನ್ನಿ, ಕಂಡಿಕೆ ಕೊಡು."

ಆ ಸೀರೆ ಮುಗಿದ ಮೇಲೆ ಅವನು ಎರಡು ಕರಾರು ಹಾಕಿದ. ಮೂರು ನವಿಲಿನ ಸೀರೆಗೆ ಒಂದು ತನ್ನ ಮನಸ್ಸಿನ ಸೀರೆ, ಮೊದಲನೆಯದು ಹುಲ್ಲಿನಂಚಿನದು. ಎರಡನೆಯದು, ಅಮಾವಾಸ್ಯೆಗೆ ಮಗ್ಗ ಪೂರ್ತಿ ರಜೆ. ಕಾಂಚನಾ ಖುಷಿಯಿಂದ ಒಪ್ಪಿ, ಅವತ್ತು ಫೋನೂ ತೆಗೆಯುವುದಿಲ್ಲ ಎಂದು ಕಸ್ಟಮರುಗಳಿಗೆಲ್ಲ ಬರೆದು ಹಾಕಿದಳು. ಎಲ್ಲ ಸುಸೂತ್ರವಾಯಿತು ಎಂದು ಕತೆಯನ್ನು ಇಲ್ಲಿಗೇ ಮುಗಿಸಬಹುದಿತ್ತು, ಹೊನ್ನಕ್ಕ ಇಲ್ಲದಿದ್ದರೆ.

ಅಮಾವಾಸ್ಯೆ ಬಂತು. ಜಂಪಣ್ಣ ಎಂಟು ಗಂಟೆಗೆ ಎದ್ದು, ಮಗ್ಗಕ್ಕೆ ಹೂ ಇಟ್ಟು ಕೈಮುಗಿದು, "ರಜೆ ಅಂದ್ಮೇಲೆ ಹೋಳಿಗೆ ಆಗ್ಲೇಬೇಕು," ಎಂದ. ಅಷ್ಟೇ ಹೇಳಿದ್ದರೆ ಪರವಾಗಿಲ್ಲ. ಕೆಂಚಣ್ಣನನ್ನೂ, ಹಿಂದಿನ ಬೀದಿಯ ಶಾಂತವೀರಪ್ಪನನ್ನೂ ಊಟಕ್ಕೆ ಕರೆದುಬಂದ. ಹೊನ್ನಕ್ಕ ಬೇಳೆ ಬೇಯಿಸಿದಳು, ಹೂರಣ ರುಬ್ಬಿದಳು, ಕಟ್ಟಿನ ಸಾರು ಮಾಡಿದಳು. ಕಾಂಚನಾ ಕೋಸಂಬರಿ ಹೆಚ್ಚಿ, ಹಪ್ಪಳ ಕರಿದಳು. ಮಾಮೂಲಿ ದಿನ ಹನ್ನೊಂದಕ್ಕೆ ಒಂದು ಸಲ ಸೊಂಟ ನೀಡಿಕೊಳ್ಳುತ್ತಿದ್ದ ಹೊನ್ನಕ್ಕ ಅವತ್ತು ಎರಡೂವರೆಯಾದರೂ ಹಂಚಿನ ಮುಂದಿನಿಂದ ಏಳಲಿಲ್ಲ.

ನಡುಮನೆಯಲ್ಲಿ ಗಂಡಸರು ಸಾಲಾಗಿ ಕೂತಿದ್ದರು. "ಆಹಾ, ರಜೆ ಅಂದ್ರೆ ಇದು!" ಎನ್ನುತ್ತಿದ್ದ ಜಂಪಣ್ಣ. "ಮೈಯೆಲ್ಲ ಹಗುರ ಆದಂಗಾಯ್ತು. ಹೊನ್ನಿ, ಇನ್ನೆರಡೆರಡು ಬರ್ಲಿ."

ಹೊನ್ನಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೈಯೆಲ್ಲ ಹಿಟ್ಟು, ಮುಖವೆಲ್ಲ ಬೆವರು.

"ಬರಲ್ಲ."

"ಯಾಕೆ?"

"ಒಲೆ ಆರ್ಸೀನಿ."

ಕೆಂಚಣ್ಣನಿಗೆ ತನ್ನ ತಮಾಷೆಯ ಹೊತ್ತು ಬಂತೆನಿಸಿತು. "ಏನಕ್ಕೋ, ಗ್ಯಾಸ್ ಖಾಲಿಯಾಯ್ತಾ?"

"ಗ್ಯಾಸ್ ತುಂಬಾ ಐತೆ ಕೆಂಚಣ್ಣ. ನಾನು ಖಾಲಿಯಾಗೀನಿ."

ಹೊನ್ನಕ್ಕ ಗಂಡನ ಕಡೆ ತಿರುಗಿದಳು. "ಮಗ್ಗಕ್ಕೆ ಅಮಾಸಿ ಮಾಡಿದ್ರಿ, ಸಂತೋಷ. ಫೋನಿಗೆ ಅಮಾಸಿ ಮಾಡಿದ್ರಿ, ಅದೂ ಸಂತೋಷ. ನನ್ ಒಲೆಗೆ ಅಮಾಸಿ ಯಾವತ್ತು ಬರುತ್ತೆ, ಹೇಳ್ರಿ? ಬಣ್ಣ ಕಾಣ್ದೆ ಕಂಡಿಕೆ ಸುತ್ತಿದ್ನಲ್ಲ ಅವತ್ತು, ನನ್ ಕಣ್ಣು ಹೋಗಿರ್ಲಿಲ್ಲ. ಕುಂತಲ್ಲೇ ತೂಕಡಿಕೆ ಬಂದಿತ್ತು."

ಶಾಂತವೀರಪ್ಪ ಎಲೆಯನ್ನೇ ನೋಡುತ್ತ ಕೂತ. ಹೊನ್ನಕ್ಕ ಒಳಗೆ ಹೋಗಿ, ಗೋಡೆಗೊರಗಿ ಕಾಲು ನೀಡಿ ಕೂತು, ಹಂಚಿನ ಮೇಲಿದ್ದ ಕೊನೆಯ ಹೋಳಿಗೆಗೆ ತುಪ್ಪ ಹಾಕಿಕೊಂಡು ತಾನೇ ತಿಂದಳು. ಬಹಳ ರುಚಿಯಾಗಿತ್ತು.

ಎರಡು ದಿನ ಜಂಪಣ್ಣ ಮುಖ ಊದಿಸಿಕೊಂಡಿದ್ದ. ಊಟಕ್ಕೆ ಬಂದವರ ಮುಂದೆ ಮಾನ ಹೋಯಿತು ಎಂದು ಮಗನ ಹತ್ತಿರ ದೂರಿದ.

"ಅದಕ್ಕೆ ನಾನೇನ್ಲೇ ಮಾಡ್ಲಿ? ಗಂಡಸ್ರು ಒಲೆ ಮುಂದೆ ಕುಂತ್ರೆ ಜನ ಏನಂತಾರೆ?"

"ಕ್ಯಾಂಟೀನಿನಾಗೆ ಚಿತ್ರಾನ್ನ ಮಾಡೋನು ಗಂಡಸೇ ಅಲ್ವೇನಪ್ಪ? ಎಂಟು ದಿನ ಹೊಗಳಿ ಹೊಗಳಿ ಉಂಡ್ಯಲ್ಲ."

ಮೂರನೇ ದಿನ ಸಂಜೆ ಜಂಪಣ್ಣ ಮಗ್ಗದಿಂದೆದ್ದವನು ಅಡುಗೆಮನೆಗೆ ಬಂದು ಮುದ್ದೆ ಕೋಲು ಹಿಡಿದು ನಿಂತ. "ಎಷ್ಟು ಹಿಟ್ಟು?" ಎಂದು ಕೇಳಿದ, ಯಾರ ಮುಖವನ್ನೂ ನೋಡದೆ.

ಮೊದಲ ಮುದ್ದೆಯಲ್ಲಿ ಹುಣಸೆಬೀಜದಷ್ಟು ದಪ್ಪದ ಗಂಟುಗಳು. ಕಾಂಚನಾ ಅವನ್ನು ಆರಿಸಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿ, "ಮಾವ, ಇದಕ್ಕೂ ಅಂಚು ಬಂತು ನೋಡ್ರಿ," ಎಂದಳು.

"ನಗಮ್ಮ, ನಗು. ಮಗ್ಗದಾಗೆ ತಪ್ಪಿದ್ರೆ ಬಿಚ್ಚಬಹುದು. ಈ ಮುದ್ದೇನ ಹೆಂಗೆ ಬಿಚ್ಲಿ?"

ಹೊನ್ನಕ್ಕ ಗಂಟುಗಳ ಸಮೇತ ನುಂಗಿದಳು. ಮೂವತ್ತೈದು ವರ್ಷದಲ್ಲಿ ಅವನು ಕೈಯಾರೆ ಬಡಿಸಿದ ಮೊದಲ ಊಟ ಅದು. ಹದಿನೈದು ದಿನದಲ್ಲಿ ಗಂಟು ಎಳ್ಳಿನಷ್ಟಾಯಿತು. ಹುಲ್ಲಿನಂಚಿನ ಸೀರೆಯೂ ಅಷ್ಟರಲ್ಲಿ ಅರ್ಧ ಮುಗಿದಿತ್ತು. ಹಸಿರು ಅಂಚಿಗೆ ಒಣಹುಲ್ಲಿನ ಬಣ್ಣದ ಮೈ. ನೇಯುವಾಗ ಜಂಪಣ್ಣ ಗುನುಗತೊಡಗಿದ್ದ. ಬೆಳಿಗ್ಗೆ ಯಾರೂ ಕರೆಯುವ ಮೊದಲೇ ಗುಂಡಿಗಿಳಿಯುತ್ತಿದ್ದ. ಎದುರುಮನೆಯ ಕೆಂಚಣ್ಣನೂ ಎರಡು ಸಲ ಬಂದು ಆ ಅಂಚನ್ನು ಮುಟ್ಟಿ ನೋಡಿ, ಕರೆಂಟಿನ ಮಾತೆತ್ತದೆ ಹೋದ.

ಮುಂದಿನ ಅಮಾವಾಸ್ಯೆ ಭಾನುವಾರವೇ ಬಿತ್ತು. ಅವತ್ತು ಹೊನ್ನಕ್ಕ ಎದ್ದಾಗ ಅಡುಗೆಮನೆಯಲ್ಲಿ ಅಪ್ಪ ಮಗ ಮಂಡಕ್ಕಿ ಒಗ್ಗರಣೆಯ ಮೇಲೆ ಜಗಳವಾಡುತ್ತಿದ್ದರು. ಅರಿಶಿನ ಮೊದಲೋ ಹಸಿಮೆಣಸಿನಕಾಯಿ ಮೊದಲೋ ಎನ್ನುವುದು ವಿಷಯ. ಅವಳು ಒಳಗೆ ಹೋಗಿ ಹೇಳಬೇಕೆನಿಸಿದ್ದನ್ನು ತುಟಿ ಕಚ್ಚಿ ತಡೆದುಕೊಂಡಳು. ತಡೆದುಕೊಳ್ಳುವುದು ಹೋಳಿಗೆ ಬೇಯಿಸುವುದಕ್ಕಿಂತ ಕಷ್ಟವಾಯಿತು.

ಡಬ್ಬಿ ಕಟ್ಟಿಕೊಂಡು ನಾಲ್ವರೂ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಹೋದರು. ಮೆಟ್ಟಿಲು ಹತ್ತುವಾಗ ಹೊನ್ನಕ್ಕ ಹತ್ತು ಸಲ ಕೂತಳು. ಯಾರೂ ಬೇಗ ಬಾ ಎನ್ನಲಿಲ್ಲ. ದೇವರಿಗೆ ಕೈಮುಗಿದು, ಬಂಡೆಯ ಮೇಲಿನ ಅಶೋಕನ ಕಾಲದ ಅಕ್ಷರ ನೋಡಿ, ಜಂಪಣ್ಣ ತಲೆದೂಗಿದ. "ಈ ಕಲ್ಲಿನ ಮ್ಯಾಲೂ ಯಾವನೋ ಕುಸುರಿ ಹಾಕ್ಯಾನೆ ನೋಡು. ಅವಂಗೂ ಬೇಜಾರು ಬಂದಿರಬೇಕು."

"ಅವನ ಹೆಂಡ್ತಿಗೆ ಬಂದಿರ್ಲಿಲ್ವಾ?" ಎಂದಳು ಹೊನ್ನಕ್ಕ.

"ಬಂದೇ ಇರುತ್ತೆ ತಗಾ. ಅದನ್ನ ಯಾರೂ ಬರೆದಿಲ್ಲ ಅಷ್ಟೇ."

ಮಂಡಕ್ಕಿಗೆ ಉಪ್ಪು ಜಾಸ್ತಿಯಾಗಿತ್ತು. ಕಾಂಚನಾಳ ತವರಿನ ಶೇಂಗಾ ಚಟ್ನಿಪುಡಿ ಅದನ್ನು ಕಾಪಾಡಿತು. ಬಂಡೆಯ ನೆರಳಿನಲ್ಲಿ ಕಾಲು ನೀಡಿ ಕೂತ ಹೊನ್ನಕ್ಕ ಕೆಳಗಿನ ಬಯಲು ನೋಡಿದಳು. ಕೈಗೆ ಏನೂ ಕೆಲಸವಿರಲಿಲ್ಲ. ಬಲಗೈ ಮಾತ್ರ ತೊಡೆಯ ಮೇಲೆ ತಾನಾಗಿ ರಾಟೆ ತಿರುಗಿಸುವಂತೆ ಸುತ್ತುತ್ತಿತ್ತು. ಜಂಪಣ್ಣ ಅದನ್ನು ನೋಡಿ, ಆ ಕೈಯ ಮೇಲೆ ತನ್ನ ಕೈಯಿಟ್ಟು ನಿಲ್ಲಿಸಿದ. ಮಗ ಸೊಸೆ ಎದುರಿಗೇ ಇದ್ದರು. ಹೊನ್ನಕ್ಕನಿಗೆ ನಾಚಿಕೆಯಾಯಿತು, ಆದರೂ ಕೈ ಎಳೆದುಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಬೀದಿಯ ಮಗ್ಗಗಳೆಲ್ಲ ಒಂದೊಂದಾಗಿ ಸದ್ದು ಮಾಡತೊಡಗಿದವು. ಹೊನ್ನಕ್ಕ ಜಗಲಿಯ ಮೇಲೆ ಟೀ ಲೋಟ ಹಿಡಿದು ಕೂತಿದ್ದಳು. ಟೀ ಮಾಡಿದ್ದು ಜಂಪಣ್ಣ, ಸಕ್ಕರೆ ಒಂದು ಚಮಚ ಹೆಚ್ಚೇ ಬಿದ್ದಿತ್ತು. ಒಳಗೆ ಗುಂಡಿಯಿಂದ ಅವನ ಕೂಗು ಬಂತು.

"ಹೊನ್ನಿ, ಕಂಡಿಕೆ!"

ಮೂವತ್ತೈದು ವರ್ಷ ಆ ಕೂಗಿಗೆ ಅವಳು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿದ್ದಳು. ಇವತ್ತು ಲೋಟ ನೋಡಿದಳು. ಇನ್ನೂ ಅರ್ಧವಿತ್ತು.

"ಟೀ ಕುಡೀತಿದೀನಿ. ತಡೀರಿ."

ಒಳಗೆ ಮಗ್ಗ ನಿಂತಿತು. ಎದುರುಮನೆಯಿಂದ ಕೆಂಚಣ್ಣ ಕತ್ತು ಚಾಚಿದ. "ಏನಪ್ಪೋ ಜಂಪಣ್ಣ, ಕರೆಂಟ್ ಹೋಯ್ತಾ?"

"ಇಲ್ಲಪ್ಪೋ," ಎಂದು ಒಳಗಿನಿಂದ ಜಂಪಣ್ಣ ಕೂಗಿದ, "ನಮ್ಮಾಕಿ ಟೀ ಕುಡೀತಾಳೆ. ಮಗ್ಗ ಕಾಯುತ್ತೆ."

ಹೊನ್ನಕ್ಕ ಕೊನೆಯ ಗುಟುಕಿನವರೆಗೂ ನಿಧಾನವಾಗಿ ಕುಡಿದಳು. ಆಮೇಲೆ ಲೋಟವನ್ನು ಜಗಲಿಯ ಮೇಲೇ ಬಿಟ್ಟು, ಒಳಗೆ ಹೋಗಿ, ಹಸಿರು ನೂಲಿನ ಲಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ನೋಡಿ, ರಾಟೆಯ ಮುಂದೆ ಕೂತಳು.